ತಲೆ ಎತ್ತಿ ನೋಡುವ ವಸಂತ: ಲಾಲ್‌ಬಾಗಿನಿಂದ ಕಬ್ಬನ್ ಪಾರ್ಕಿಗೆ

ಚಳಿದೇಶಗಳಿಂದ ಬಂದು ಬೆಂಗಳೂರಿನಲ್ಲಿ ಮನೆ ಮಾಡಿದವರು ವಸಂತವನ್ನು ನೆಲದ ಮೇಲೆ ಹುಡುಕುತ್ತಾರೆ. ಅವರ ಕಡೆ ಮೊದಲ ಹೂವು ಏಳುವುದು ಗೆಡ್ಡೆಯಿಂದ, ಪಾತಿಯಲ್ಲಿ. ಇಲ್ಲಿ ತಲೆ ಎತ್ತಬೇಕು. ಮಾರ್ಚ್ ತಿಂಗಳ ಬೆಳಿಗ್ಗೆ ನೆದರ್ಲೆಂಡ್ಸ್‌ನಿಂದ ಹೊಸದಾಗಿ ಬಂದ ದಂಪತಿಯ ಜೊತೆ ಲಾಲ್‌ಬಾಗಿಗೆ ಹೋದದ್ದು ಇದನ್ನು ತೋರಿಸಲೆಂದೇ.

ಲಾಲ್‌ಬಾಗಿಗೆ ನಾಲ್ಕು ಗೇಟು, ವಿಸ್ತಾರ 240 ಎಕರೆ. ಬರೀ 'ಲಾಲ್‌ಬಾಗ್' ಎಂದು ಹೇಳಿ ಕಾರು ಹತ್ತಿದರೆ ಬೇಡದ ಗೇಟಿಗೆ ಬಿಟ್ಟು ಹೋಗುತ್ತಾರೆ. ಹೊರಗಿನಿಂದ ಸುತ್ತಿ ಬರುವಷ್ಟರಲ್ಲಿ ಬೆಳಗಿನ ಒಳ್ಳೆಯ ಬೆಳಕು ಹೋಗಿಬಿಡುತ್ತದೆ. ನಮಗೂ ಹಾಗೇ ಆಯಿತು. ಹಸಿರು ಮಾರ್ಗದ ಮೆಟ್ರೊ ಹಿಡಿದು ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಯಿರಿ, ಪಶ್ಚಿಮದ ಗೇಟು ಹತ್ತಿರ. ಏಳೂವರೆಯೊಳಗೆ ಕೆರೆಯ ದಂಡೆಯಲ್ಲಿದ್ದರೆ ಬಿಸಿಲು ಓರೆಯಾಗಿ ಬಿದ್ದು ಹಳದಿ ಹೂವಿನ ಟಬೂಬಿಯಾ ಮರ ನೀಲಿ ಆಕಾಶದೆದುರು ಚೆನ್ನಾಗಿ ಕಾಣುತ್ತದೆ.

ಕೆರೆ ಪಕ್ಕದ ಅಂಥದೇ ಒಂದು ಮರದಲ್ಲಿ ಹೂವು ಕೊಂಬೆಗಿಂತ ನೆಲದ ಮೇಲೇ ಹೆಚ್ಚಿತ್ತು. ಪೊರಕೆ ಹಿಡಿದಿದ್ದ ಮಾಲಿಯನ್ನು ಕೇಳಿದೆವು.

"ಮೊನ್ನೆ ರಾತ್ರಿ ಮಳೆ ಬಂತಲ್ಲ ಸಾರ್, ಅಷ್ಟೇ. ಈ ಹೂವಿಗೆ ಮಳೆ ಆಗಲ್ಲ."

"ಹಾಗಾದ್ರೆ ನೀರು ಹಾಕ್ಬಾರದಾ?" ಎಂದು ದಂಪತಿ ನಮ್ಮ ಮೂಲಕ ಕೇಳಿಸಿದರು.

"ಎಳೇ ಗಿಡಕ್ಕೆ ಹಾಕ್ಬೇಕು. ದೊಡ್ಡ ಮರಕ್ಕೆ ಈ ಟೈಮಲ್ಲಿ ಹಾಕಿದ್ರೆ ಎಲೆ ಬರುತ್ತೆ, ಹೂ ಬರಲ್ಲ. ಒಣಗ್ಬೇಕಮ್ಮ, ಒಣಗಿದ್ರೇನೇ ಹೂವು."

ಗೆಡ್ಡೆಗಳಿಗೆ ಚಳಿ ತಾಗಿದರೆ ಮಾತ್ರ ಹೂವು ಎಂದು ಬಲ್ಲವರಿಗೆ ಆ ಮಾತು ತಟ್ಟನೆ ಅರ್ಥವಾಯಿತು. ಅಲ್ಲಿ ಚಳಿ ಮಾಡುವ ಕೆಲಸವನ್ನು ಇಲ್ಲಿ ಒಣಹವೆ ಮಾಡುತ್ತದೆ. ಮರ ಎಲೆ ಉದುರಿಸಿ ನೀರು ಉಳಿಸಿಕೊಳ್ಳುತ್ತದೆ. ಬೋಳು ಕೊಂಬೆಯ ಮೇಲಿನ ಹೂವು ಜೇನುಹುಳಕ್ಕೆ ದೂರದಿಂದಲೇ ಕಾಣುತ್ತದೆ. ಬಿದ್ದದ್ದೊಂದನ್ನು ಕೈಗೆತ್ತಿಕೊಂಡು ನೋಡಿ: ಅಂಚು ಸುಕ್ಕುಗಟ್ಟಿದ ತುತ್ತೂರಿ, ಎಸಳು ಬಿಡಿಯಾಗದೆ ಇಡಿಯಾಗಿ ಕಳಚಿರುತ್ತದೆ. ಹೂವಿನ ಬುಡದ ಬಟ್ಟಲು, ಅಂದರೆ ಪುಷ್ಪಪಾತ್ರೆ, ಕೊಂಬೆಯಲ್ಲೇ ಉಳಿದಿರುತ್ತದೆ. ಗುಲಾಬಿ ಬಣ್ಣದ ಟಬೂಬಿಯಾ ಆದರೆ ಹೊಸ ಹೂವಿನ ಗಂಟಲು ಹಳದಿ, ಹಳತಾದಂತೆ ಬಿಳಿ.

ಹೂವಿಲ್ಲದಾಗಲೂ ಗುರುತು ಹಿಡಿಯಬಹುದು. ಹಳದಿ ಬಗೆಯ ತೊಗಟೆ ಬೆಂಡಿನಂತೆ ಮೆತ್ತಗೆ, ಆಳವಾಗಿ ಸೀಳಿರುತ್ತದೆ. ಎಲೆಗೆ ಬೆಳ್ಳಿಯ ಬೂದುಬಣ್ಣ, ಕಾಂಡ ಸೊಟ್ಟ.

ಟಬೂಬಿಯಾ, ಜಕರಾಂಡ ಎರಡೂ ಅಮೆರಿಕ ಖಂಡಗಳ ಕಡೆಯವು, ಗುಲ್‌ಮೊಹರ್ ಮಡಗಾಸ್ಕರಿನದು. ಒಂದು ಜಾತಿ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು ಎಂಬ ಲೆಕ್ಕದಲ್ಲಿ ಈ ಊರಿನ ರಸ್ತೆಬದಿಗೆ ಮರ ಆರಿಸಿದ ಉದ್ಯಾನತಜ್ಞ ಕೃಂಬಿಗಲ್ ಕೂಡ ಹೊರಗಿನವರೇ, ಜರ್ಮನಿಯವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಕ್ಕೆ ಜನ ಮುಗಿಬೀಳುತ್ತಾರೆ. ನನ್ನ ಮಟ್ಟಿಗೆ, ಕುಂಡಗಳನ್ನು ಜೋಡಿಸಿದ ಆ ಅಲಂಕಾರಕ್ಕಿಂತ ಈ ಮನುಷ್ಯ ಹಾಕಿಕೊಟ್ಟ ಸರದಿಯೇ ದೊಡ್ಡದು.

ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಂಡರೆ ಕಬ್ಬನ್ ಪಾರ್ಕ್. ಭಾನುವಾರ ಒಳಗಿನ ರಸ್ತೆಗಳಲ್ಲಿ ವಾಹನವಿಲ್ಲ, ಅಂದೇ ಹೋಗಿ. ಯುಗಾದಿ ಹತ್ತಿರವಿದ್ದುದರಿಂದ ಹೊಂಗೆ ಚಿಗುರಿತ್ತು. ಇದು ನಮ್ಮದೇ ಮರ, ಆದರೂ ಕ್ಯಾಮೆರಾ ಹಿಡಿದವರು ಇದರತ್ತ ತಿರುಗುವುದಿಲ್ಲ. ನನಗೆ ಅದು ಬೇಸರ. ನಸುನೇರಳೆ ಬೆರೆತ ಬಿಳಿ ಹೂವು ಅಡಿಯಲ್ಲೆಲ್ಲ ಕಡ್ಲೆಪುರಿ ಚೆಲ್ಲಿದ ಹಾಗೆ ಬಿದ್ದಿರುತ್ತದೆ, ಮೇಲೆ ಜೇನುಹುಳಗಳ ಗುಂಯ್‌ಗುಡುವಿಕೆ. ಆ ನೆರಳಿನಲ್ಲಿ ಐದು ನಿಮಿಷ ನಿಲ್ಲಿ.

ಏಪ್ರಿಲ್‌ನಲ್ಲಿ ಇನ್ನೆರಡು ಹಳದಿ ಮರಗಳು ಗೊಂದಲ ಮಾಡುತ್ತವೆ. ಗೊಂಚಲು ಕೆಳಕ್ಕೆ ಜೋತಾಡಿದರೆ ಕಕ್ಕೆ. ಮೇಲಕ್ಕೆ ನೆಟ್ಟಗೆ ನಿಂತಿದ್ದು, ಜೊತೆಗೆ ತುಕ್ಕುಬಣ್ಣದ ಚಪ್ಪಟೆ ಕಾಯಿ ಕಂಡರೆ ಕಾಪರ್‌ಪಾಡ್. ಮೇ ಹೊತ್ತಿಗೆ ಗುಲ್‌ಮೊಹರ್ ಕೆಂಪಾಗುತ್ತದೆ. ಅದರ ಐದು ಎಸಳುಗಳಲ್ಲಿ ಒಂದಕ್ಕೆ ಮಾತ್ರ ಬಿಳಿ-ಹಳದಿ ಮಚ್ಚೆ ಇರುತ್ತದೆ, ಹುಡುಕಿ ನೋಡಿ. ಆದರೆ ಅದರ ಕೊಂಬೆ ಪೆಡಸು, ಬೇರು ಆಳಕ್ಕಿಳಿಯುವುದಿಲ್ಲ. ಗಾಳಿಮಳೆಯ ಸಂಜೆ ಅದರ ಕೆಳಗೆ ನಿಲ್ಲಬೇಡಿ, ಗಾಡಿಯನ್ನೂ ನಿಲ್ಲಿಸಬೇಡಿ.