ಶಿರಸಿಯಿಂದ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್‌ಗೆ: ಸಿನಿಮಾ ನೋಡಿಕೊಂಡೇ ಹೋಗಿ

ನಾವು ಹಾಂಗ್‌ಕಾಂಗಿಗೆ ಹೋಗಿ ಬಂದ ಮೇಲೆ ಶಿರಸಿ, ಸಿದ್ದಾಪುರ, ಕುಮಟಾ ಕಡೆಯಿಂದ ಫೋನ್ ಮಾಡಿ ಕೇಳುವವರು ಜಾಸ್ತಿಯಾಗಿದ್ದಾರೆ. ಎಲ್ಲರ ಪ್ರಶ್ನೆಯೂ ವಿಮಾನ, ಹೋಟೆಲ್, ಖರ್ಚು. ಅದನ್ನೆಲ್ಲ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ಹೊರಡುವುದಕ್ಕೆ ಒಂದೆರಡು ತಿಂಗಳು ಮೊದಲೇ ಮನೆಯವರೆಲ್ಲ ಒಟ್ಟಿಗೆ ಕೂತು ಸಿನಿಮಾ ನೋಡಿ. ಮಕ್ಕಳಷ್ಟೇ ಅಲ್ಲ, ಅಜ್ಜ ಅಜ್ಜಿಯೂ ನೋಡಬೇಕು.

ಯಾಕೆಂದರೆ ಅಲ್ಲಿನ ಡಿಸ್ನಿಲ್ಯಾಂಡ್ ಪಾರ್ಕಿನಲ್ಲಿ ಗಾಡಿಯಲ್ಲೋ ದೋಣಿಯಲ್ಲೋ ಕೂತು ಸುತ್ತುವ ಹೆಚ್ಚಿನ ರೈಡ್‌ಗಳ ಹಿಂದೆ ಒಂದೊಂದು ಸಿನಿಮಾ ಇದೆ. ಒಂದೂವರೆ ಗಂಟೆಯ ಕಥೆಯನ್ನು ಕೆಲವೇ ನಿಮಿಷಗಳಲ್ಲಿ ತೋರಿಸುತ್ತಾರೆ. ಇವರು ಯಾರು, ಯಾಕೆ ಅಳುತ್ತಿದ್ದಾರೆ ಅಂತ ವಿವರಿಸಲು ಅಲ್ಲಿ ಸಮಯವೇ ಇಲ್ಲ. ನಮ್ಮ ಕಡೆ ಯಕ್ಷಗಾನದ ಆಟ ನೋಡಲು ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದಾಯುದ್ಧದಲ್ಲಿ ಕೊನೆಗೆ ಏನಾಗುತ್ತದೆ ಅಂತ ಗೊತ್ತಿಲ್ಲದವರು ಯಾರಿದ್ದಾರೆ? ಆದರೂ ರಾತ್ರಿಯಿಡೀ ಕೂರುತ್ತೇವೆ. ಗೊತ್ತಿರುವ ಪ್ರಸಂಗವನ್ನು ಇವತ್ತು ಹೇಗೆ ಆಡುತ್ತಾರೆ ಅಂತ ನೋಡುವುದೇ ಖುಷಿ. ಸಿನಿಮಾ ಆಧರಿಸಿದ ರೈಡ್‌ನಲ್ಲೂ ಸಿಗುವುದು ಅದೇ ಖುಷಿ. ಕಥೆ ಗೊತ್ತಿಲ್ಲದೆ ಕೂತರೆ ಕತ್ತಲೆಯಲ್ಲಿ ಒಂದಷ್ಟು ಬಣ್ಣದ ಗೊಂಬೆ ಕಾಣುತ್ತವೆ, ಅಷ್ಟೇ.

ಡಿಸ್ನಿಯವರೇ ಈ ಪಾಠವನ್ನು ನಿಧಾನವಾಗಿ ಕಲಿತರು ಅನ್ನಬಹುದು. ಕ್ಯಾಲಿಫೋರ್ನಿಯಾದ ಮೊದಲ ಡಿಸ್ನಿಲ್ಯಾಂಡ್ 1955ರ ಜುಲೈನಲ್ಲಿ ಶುರುವಾಯಿತು. 1937ರ ಸ್ನೋ ವೈಟ್ ಸಿನಿಮಾದ ಮೇಲೆ ಅಲ್ಲೊಂದು ರೈಡ್ ಇತ್ತು. ಅದರಲ್ಲಿ ಸ್ನೋ ವೈಟ್ ಗೊಂಬೆಯೇ ಇರಲಿಲ್ಲ! ಗಾಡಿಯಲ್ಲಿ ಕೂತವರೇ ಸ್ನೋ ವೈಟ್, ಕಾಡಿನಲ್ಲಿ ಹೆದರಿ ಓಡುವವರು ಅವರೇ ಅನ್ನುವುದು ಮಾಡಿದವರ ಲೆಕ್ಕ. ಜನರಿಗೆ ಅದು ಹೊಳೆಯಲಿಲ್ಲ. ಸ್ನೋ ವೈಟ್ ಎಲ್ಲಿ ಅಂತ ಕೇಳುತ್ತಲೇ ಇದ್ದರು. ಕೊನೆಗೆ 1983ರಲ್ಲಿ ರೈಡ್ ಹೊಸದಾಗಿ ಕಟ್ಟುವಾಗ ಅವಳ ಗೊಂಬೆಯನ್ನೂ ಇಟ್ಟರು. ಸಿನಿಮಾದಲ್ಲಿ ಮೆಚ್ಚಿದ ಪಾತ್ರ ಕಣ್ಣೆದುರು ಬರಬೇಕು ಅಂತ ನೋಡುವವರಿಗೆ ಆಸೆ ಇರುತ್ತದೆ, ಅಲ್ವಾ? ಈಗಿನ ರೈಡ್‌ಗಳನ್ನು ಆ ಆಸೆಗೆ ತಕ್ಕಂತೆಯೇ ಕಟ್ಟುತ್ತಾರೆ.

ಸಿಂಗಾಪುರ ಬಿಟ್ಟು ಹಾಂಗ್‌ಕಾಂಗ್ ಯಾಕೆ ಅಂತಲೂ ಕೇಳುತ್ತಾರೆ. ಸಿಂಗಾಪುರದ ಯುನಿವರ್ಸಲ್ ಸ್ಟುಡಿಯೋಸ್‌ನಲ್ಲೂ ಸಿನಿಮಾ ರೈಡ್‌ಗಳೇ. ಆದರೆ ಅಲ್ಲಿನ ದೊಡ್ಡ ರೈಡ್‌ಗಳು ಟ್ರಾನ್ಸ್‌ಫಾರ್ಮರ್ಸ್, ಮಮ್ಮಿ ಥರದವು. ಸದ್ದು ಜಾಸ್ತಿ, ವೇಗ ಜಾಸ್ತಿ. ಹರೆಯದ ಮಕ್ಕಳಿದ್ದರೆ ಅದನ್ನೇ ಆರಿಸಿ. ನಮ್ಮ ಜೊತೆ ನಾಲ್ಕು ವರ್ಷದ ಮಗ, ಏಳು ವರ್ಷದ ಮಗಳು, ಎಪ್ಪತ್ತು ದಾಟಿದ ಆಯಿ ಇದ್ದರು. ಮೂವರೂ ಒಂದೇ ಗಾಡಿಯಲ್ಲಿ ಕೂರಲು ಹಾಂಗ್‌ಕಾಂಗೇ ಸರಿ ಅನಿಸಿತು.

ಯಾವ ಸಿನಿಮಾ ನೋಡಬೇಕು? ಮೊದಲು 2013ರ ಫ್ರೋಜನ್. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್‌ನಲ್ಲಿ 2023ರ ನವೆಂಬರ್ 20ರಂದು 'ವರ್ಲ್ಡ್ ಆಫ್ ಫ್ರೋಜನ್' ಶುರುವಾಯಿತು. ಆ ಸಿನಿಮಾದ ಮೇಲೆ ಒಂದು ಪೂರ್ತಿ ಊರನ್ನೇ ಕಟ್ಟಿದ್ದು ಜಗತ್ತಿನಲ್ಲಿ ಅದೇ ಮೊದಲು. ಸಿನಿಮಾದ ಅರೆಂಡೆಲ್ ಅನ್ನುವ ಊರೇ ಅಲ್ಲಿದೆ. ನೀರು, ಸೇತುವೆ, ಗಡಿಯಾರದ ಗೋಪುರ, ಹಿಂದೆ ಹಿಮದ ಬೆಟ್ಟ ಎಲ್ಲ ಇವೆ. ಆನಾ ತನ್ನ ಅಕ್ಕ ಎಲ್ಸಾಳನ್ನು ಉಳಿಸಿದ ದಿನದ ನೆನಪಿಗೆ ಊರವರು ಹಬ್ಬ ಮಾಡುತ್ತಿದ್ದಾರೆ, ನಾವು ಆ ಹಬ್ಬಕ್ಕೆ ಬಂದ ನೆಂಟರು ಅನ್ನುವುದು ಅಲ್ಲಿನ ಕಲ್ಪನೆ. ಸಿನಿಮಾ ನೋಡಿದವರಿಗೆ ಅಲ್ಲಿ ಕಾಲಿಟ್ಟ ಕೂಡಲೇ ಎಲ್ಲ ಗುರುತು ಸಿಗುತ್ತದೆ. ನೋಡದವರಿಗೆ ಅದು ಚೆಂದದ ಬೀದಿ, ಫೋಟೋ ತೆಗೆಯುವ ಜಾಗ.

ಅಲ್ಲಿ ಎರಡು ರೈಡ್ ಇವೆ. ಒಂದು ದೋಣಿ ಪ್ರಯಾಣ, 'ಫ್ರೋಜನ್ ಎವರ್ ಆಫ್ಟರ್'. ದೋಣಿ ಕತ್ತಲೆಯಲ್ಲಿ ಮೇಲಕ್ಕೆ ಹತ್ತುತ್ತದೆ. ಎಲ್ಸಾ ಹಾಡುವಾಗ ಹಿಂದಕ್ಕೆ ಸರಿಯುತ್ತದೆ. ಕೊನೆಗೆ ಒಂದು ಸಣ್ಣ ಜಾರು. ಗೊಂಬೆಗಳ ಕಣ್ಣು, ತುಟಿ, ಕೈ ಎಲ್ಲ ಆಡುತ್ತವೆ. ಆ ಹಿಂದೆ ಸರಿಯುವ ಜಾಗ ನನಗೆ ಬಹಳ ಹಿಡಿಸಿತು. ಎಲ್ಸಾ ಎಲ್ಲರನ್ನೂ ದೂರ ತಳ್ಳುವ ಹಾಡು ಅದು, ದೋಣಿಯೂ ದೂರ ಹೋಗುತ್ತದೆ. ಸಿನಿಮಾದ ಒಂದು ಭಾವವನ್ನು ದೋಣಿಯ ಚಲನೆಯಲ್ಲೇ ಹೇಳಿಬಿಟ್ಟಿದ್ದಾರೆ. ಇನ್ನೊಂದು ರೈಡ್ ಜಾರುಬಂಡಿಯ ಥರದ ಚಿಕ್ಕ ರೋಲರ್ ಕೋಸ್ಟರ್. ಸಿನಿಮಾದಲ್ಲಿ ಅಂಗಡಿ ಇಟ್ಟುಕೊಂಡ ಓಕನ್ ಬರುತ್ತಾನಲ್ಲ, ಅವನ ಹೆಸರಿನದು. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ದೊಡ್ಡ ತೊಟ್ಟಿಲಿಗೆ ಹೆದರದೆ ಹತ್ತುವ ಮಕ್ಕಳಾದರೆ ಇದಕ್ಕೆ ಧೈರ್ಯವಾಗಿ ಕೂರಿಸಿ.

ಎರಡನೆಯದು 1977ರ ವಿನ್ನಿ ದ ಪೂ. ಸುಮಾರು ಜನ ಇದನ್ನು ಚಿಕ್ಕ ಮಕ್ಕಳದ್ದು ಅಂತ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಜೇನಿನ ಗಡಿಗೆಯ ಆಕಾರದ ಗಾಡಿಯಲ್ಲಿ ಕೂತು ಕರಡಿ ಮರಿಯ ಕಥೆಯೊಳಗೆ ಹೋಗುತ್ತೀರಿ. ಬಿರುಗಾಳಿ, ಪ್ರವಾಹ, ಹುಲಿಯ ಕುಣಿತ, ಪೂ ಕಾಣುವ ವಿಚಿತ್ರ ಕನಸು, ಎಲ್ಲ ಒಂದಾದ ಮೇಲೊಂದು. ಹಳೇ ಕಾಲದ ರೈಡ್ ಕಟ್ಟುವ ರೀತಿ ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಹಳಿಯ ಮೇಲೆ ಗಾಡಿ, ಎರಡೂ ಬದಿ ದೃಶ್ಯ, ನೇರಳೆ ಬೆಳಕಿನಲ್ಲಿ ಹೊಳೆಯುವ ಬಣ್ಣ. ಆಯಿಗೆ ಇಂಗ್ಲಿಷ್ ಬಾರದು. ಮನೆಯಲ್ಲಿ ಸಿನಿಮಾ ನೋಡುವಾಗ ಮಗಳು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಕಥೆ ಹೇಳಿದ್ದಳು. ರೈಡ್‌ನಲ್ಲಿ ಗಾಳಿಯ ದೃಶ್ಯ ಬಂದ ಕೂಡಲೇ ಆಯಿ ನನ್ನ ಕೈ ಹಿಡಿದು, "ಗೂಬೆ ಮನೆ ಅಲ್ಲಾಡಿದ್ದು ಇದೇ ಅಲ್ದನೇ?" ಅಂದರು. ಬೇರೆ ಯಾವ ರೈಡ್‌ನಲ್ಲೂ ಅವರು ಅಷ್ಟು ಖುಷಿಯಲ್ಲಿ ಮಾತಾಡಿದ್ದು ನಾನು ಕಾಣೆ.

ಮೂರನೆಯದು ಟಾಯ್ ಸ್ಟೋರಿ. 1995ರಲ್ಲಿ ಬಂತು. ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ಮಾಡಿದ ಮೊದಲ ಪೂರ್ಣ ಪ್ರಮಾಣದ ಸಿನಿಮಾ ಅದು. ಆ ಹೆಸರಿನ ಪ್ರದೇಶ ಇಲ್ಲಿ 2011ರಿಂದ ಇದೆ. ಆಂಡಿ ಅನ್ನುವ ಹುಡುಗನ ಮನೆಯ ಹಿತ್ತಲು ಅದು. ನಾವೆಲ್ಲ ಆಟಿಕೆಯಷ್ಟು ಕುಗ್ಗಿದ್ದೇವೆ ಅನ್ನುವ ಲೆಕ್ಕ. ಹಾಗಾಗಿ ಹುಲ್ಲು ನಮಗಿಂತ ಎತ್ತರ, ಅದಕ್ಕೆ ಬಿದಿರು ನೆಟ್ಟಿದ್ದಾರೆ. ಈ ಸಂಗತಿಯನ್ನು ಮಕ್ಕಳಿಗೆ ಮೊದಲೇ ಹೇಳಿ. ಗೊತ್ತಿದ್ದರೆ ಇಡೀ ಜಾಗವೇ ಅವರಿಗೆ ಆಟವಾಗುತ್ತದೆ. ಇಲ್ಲಿನ ಆರ್‌ಸಿ ರೇಸರ್ ಅನ್ನುವ ಕಾರಿನ ರೈಡ್‌ಗೆ 120 ಸೆಂಟಿಮೀಟರ್ ಎತ್ತರ ಬೇಕು. ಪ್ಯಾರಾಶೂಟ್ ರೈಡ್‌ಗೆ 81 ಸಾಕು. ಮನೆಯ ಗೋಡೆಗೆ ನಿಲ್ಲಿಸಿ ಅಳೆದುಕೊಂಡೇ ಹೋಗಿ. ಬಾಗಿಲಲ್ಲಿ ಎರಡು ಸೆಂಟಿಮೀಟರ್ ಕಡಿಮೆ ಅಂದರೂ ಬಿಡುವುದಿಲ್ಲ, ಮಗು ಅಳುತ್ತದೆ.

ಸಮಯ ಉಳಿದರೆ 1941ರ ಡಂಬೊ ನೋಡಿ, ಒಂದು ಗಂಟೆ ಸ್ವಲ್ಪ ಚಿಲ್ಲರೆ ಅಷ್ಟೇ. ಅದರ ಮೇಲೂ ಒಂದು ಚಿಕ್ಕ ರೈಡ್ ಇದೆ. ಲಯನ್ ಕಿಂಗ್ ಹೇಗೂ ನಮ್ಮ ಮಕ್ಕಳು ನೋಡಿರುತ್ತಾರೆ. ಅದರ ಮೇಲೆ ರೈಡ್ ಇಲ್ಲ, ಹಾಡು ಕುಣಿತದ ಸುಮಾರು ಅರ್ಧ ಗಂಟೆಯ ರಂಗ ಪ್ರದರ್ಶನ ಇದೆ. ಪ್ರೇಕ್ಷಕರು ಸುತ್ತ ಕೂರುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಇದನ್ನು ಇಟ್ಟುಕೊಳ್ಳಿ, ಒಳಗೆ ತಂಪು, ಹಿರಿಯರಿಗೆ ಕಾಲು ಚಾಚಲು ಸಿಗುತ್ತದೆ.

ಸಿನಿಮಾ ಇಲ್ಲದ ಒಂದು ರೈಡ್ ಮಾತ್ರ ತಪ್ಪಿಸಬೇಡಿ. ಅದು ಮಿಸ್ಟಿಕ್ ಮ್ಯಾನರ್, 2013ರಿಂದ ಇದೆ. ಹಳೇ ವಸ್ತು ಕೂಡಿಹಾಕುವ ಒಬ್ಬ ಶ್ರೀಮಂತ, ಅವನ ತುಂಟ ಮಂಗ, ಆ ಮಂಗ ತೆರೆಯುವ ಒಂದು ಸಂಗೀತದ ಪೆಟ್ಟಿಗೆ. ಪೆಟ್ಟಿಗೆ ತೆರೆದ ಮೇಲೆ ಮನೆಯ ಸಾಮಾನಿಗೆಲ್ಲ ಜೀವ ಬರುತ್ತದೆ. ಗಾಡಿಗೆ ಹಳಿಯೇ ಇಲ್ಲ, ಕೋಣೆಯಿಂದ ಕೋಣೆಗೆ ತಾನಾಗೇ ತಿರುಗುತ್ತಾ ಹೋಗುತ್ತದೆ. ಇದರ ಕಥೆ ನಿಮಗೆ ಗೊತ್ತಿರುವುದಿಲ್ಲ ಅಂತ ಅವರಿಗೂ ಗೊತ್ತು. ಅದಕ್ಕೇ ಗಾಡಿ ಹತ್ತುವ ಮೊದಲೇ ಒಂದು ಕೋಣೆಯಲ್ಲಿ ನಿಲ್ಲಿಸಿ ಕಥೆ ಹೇಳುತ್ತಾರೆ. ಆಗ ಗಮನ ಕೊಡಿ.

ಇನ್ನು ಹೋಗುವ ದಾರಿ. ಭಾರತೀಯರಿಗೆ ಹಾಂಗ್‌ಕಾಂಗಿನಲ್ಲಿ 14 ದಿನದವರೆಗೆ ವೀಸಾ ಬೇಡ. ಆದರೆ ಸುಮ್ನೆ ಹೊರಟರೆ ಆಗುವುದಿಲ್ಲ. ಹೋಗುವ ಮೊದಲು ಅಲ್ಲಿನ ಸರ್ಕಾರದ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ದುಡ್ಡಿಲ್ಲ. ಮಕ್ಕಳಿಗೂ ಬೇರೆ ಬೇರೆ ಮಾಡಬೇಕು. ಹೆಸರು, ಪಾಸ್‌ಪೋರ್ಟ್ ನಂಬರ್ ಅಕ್ಷರಶಃ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ತುಂಬಿ. ಬಂದ ಚೀಟಿಯನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ, ಅದು ಆರು ತಿಂಗಳು ನಡೆಯುತ್ತದೆ. ವಿಮಾನದ ಟಿಕೆಟ್ ತೆಗೆಯುವ ಮೊದಲೇ ಈ ಕೆಲಸ ಮುಗಿಸಿ. ನೋಂದಣಿ ಸಿಗದಿದ್ದರೆ ವೀಸಾಕ್ಕೆ ಅರ್ಜಿ ಹಾಕಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ಘಟ್ಟದ ಮೇಲಿನವರಿಗೆ ಬೆಂಗಳೂರಿಗೆ ರಾತ್ರಿ ಬಸ್ಸು ಇದೆ. ಕರಾವಳಿಯವರಿಗೆ ಕಾರವಾರದಿಂದ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ರಾತ್ರಿ ಮಲಗಿ ಬೆಳಿಗ್ಗೆ ಬೆಂಗಳೂರು. ಬಸ್ಸಾದರೂ ರೈಲಾದರೂ ಇಳಿದ ದಿನವೇ ವಿಮಾನ ಹಿಡಿಯುವ ಯೋಜನೆ ಬೇಡ. ಮಳೆಗಾಲದಲ್ಲಂತೂ ಘಟ್ಟದ ರಸ್ತೆ ನಂಬುವಂತಿಲ್ಲ. ವಿಮಾನ ನಿಲ್ದಾಣ ಇರುವ ದೇವನಹಳ್ಳಿಯೂ ಊರಿಂದ ದೂರ. ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿದರೆ ಮಕ್ಕಳಿಗೂ ಆಯಾಸ ಇಲ್ಲ. ಅಲ್ಲಿಂದ ನೇರ ವಿಮಾನ ಸಿಕ್ಕರೆ ಸುಮಾರು ಆರು ಗಂಟೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ.

ಯಾವಾಗ ಹೋಗಬೇಕು ಅನ್ನುವುದರಲ್ಲಿ ನಮ್ಮ ಶಾಲೆ ರಜೆಯೇ ತೊಂದರೆ. ದಸರಾ ರಜೆ ಹೆಚ್ಚಾಗಿ ಅಕ್ಟೋಬರ್ ಮೊದಲ ವಾರಕ್ಕೆ ತಾಗುತ್ತದೆ. ಅದೇ ವಾರ ಚೀನಾದಲ್ಲಿ ರಾಷ್ಟ್ರೀಯ ದಿನದ ಉದ್ದ ರಜೆ. ಆಗ ಹೋದರೆ ಒಂದೊಂದು ಕ್ಯೂ ನೋಡಿಯೇ ಸುಸ್ತಾಗುತ್ತೀರಿ. ಮೇ 1ರ ಸುತ್ತಮುತ್ತವೂ ಹಾಗೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಕೆ, ಮಳೆ, ಚಂಡಮಾರುತ. ದೀಪಾವಳಿ ಹೊತ್ತಿಗೆ ಶಾಲೆಯಿಂದ ನಾಲ್ಕು ದಿನ ಜಾಸ್ತಿ ರಜೆ ಕೇಳಿ ಹೋಗುವುದೇ ಒಳ್ಳೆಯದು. ನವೆಂಬರ್ ಹವೆ ಬಹಳ ಹಿತ. ಶನಿವಾರ, ಭಾನುವಾರ ಬೇಡ. ಟಿಕೆಟ್ ದರವೂ ದಿನದ ಮೇಲೆ ಬದಲಾಗುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ. ಹಿರಿಯರಿಗೆ ದರ ಬಹಳ ಕಡಿಮೆ. ತೆಗೆಯುವಾಗ ಅದನ್ನು ಗಮನಿಸಿ, ಎಲ್ಲರಿಗೂ ದೊಡ್ಡವರ ಟಿಕೆಟ್ ತೆಗೆದು ದುಡ್ಡು ಕಳೆಯಬೇಡಿ.

ನಾವು ಉಳಿದದ್ದು ಚಿಮ್ ಶಾ ಚುಯಿ ಅನ್ನುವ ಕಡೆ. ಸಸ್ಯಾಹಾರಿಗಳಿಗೆ ಅದು ಅನುಕೂಲ. ಅಲ್ಲಿನ ಚುಂಗ್‌ಕಿಂಗ್ ಮ್ಯಾನ್ಶನ್ಸ್ ಕಟ್ಟಡದಲ್ಲಿ ಭಾರತೀಯರ ಊಟದ ಅಂಗಡಿಗಳಿವೆ. ಅಲ್ಲಿಂದ ಮೆಟ್ರೋ ಹಿಡಿದು ಲಾಯ್ ಕಿಂಗ್‌ನಲ್ಲಿ ಒಮ್ಮೆ, ಸನ್ನಿ ಬೇಯಲ್ಲಿ ಇನ್ನೊಮ್ಮೆ ಬದಲಿಸಿದರೆ ಪಾರ್ಕಿನ ಬಾಗಿಲಿಗೇ ಇಳಿಯುತ್ತೀರಿ. ಕೊನೆಯ ರೈಲಿನ ಕಿಟಕಿಗಳು ಮಿಕ್ಕಿ ಮೌಸ್ ತಲೆಯ ಆಕಾರದಲ್ಲಿವೆ, ಮಕ್ಕಳ ಕುಣಿತ ಅಲ್ಲೇ ಶುರು. ಮೆಟ್ರೋದಲ್ಲಿ ತಿನ್ನುವ ಹಾಗಿಲ್ಲ. ಅವಲಕ್ಕಿ, ತೊಡದೇವು ಕಟ್ಟಿಕೊಂಡು ಹೋಗಿದ್ದರೆ ಬೆಳಿಗ್ಗೆ ರೂಮಿನಲ್ಲೇ ತಿಂದು ಹೊರಡಿ. ಅಲ್ಲಿನ ಪ್ಲಗ್ಗಿಗೆ ಮೂರು ಚಪ್ಪಟೆ ಕಾಲು, ನಮ್ಮ ಚಾರ್ಜರ್ ಕೂರುವುದಿಲ್ಲ. ಅಡಾಪ್ಟರ್ ಬೆಂಗಳೂರಿನಲ್ಲೇ ತೆಗೆದುಕೊಳ್ಳಿ.

ಪಾರ್ಕಿನೊಳಗೆ ಎಲ್ಲಿಂದ ಶುರು ಮಾಡಬೇಕು? ಬಾಗಿಲು ತೆರೆಯುವ ಮೊದಲೇ ನಿಂತಿರಿ, ನೇರ ಫ್ರೋಜನ್ ಕಡೆಗೆ ನಡೆಯಿರಿ. ಅಲ್ಲಿನ ಕ್ಯೂ ಹೊತ್ತು ಏರಿದಂತೆ ಉದ್ದವಾಗುತ್ತದೆ. ಡಂಬೊ ಥರದ ಚಿಕ್ಕ ರೈಡ್‌ನ ಕ್ಯೂ ನೋಡಿ ಮೋಸ ಹೋಗಬೇಡಿ. ದೋಣಿ ರೈಡ್‌ಗಳಲ್ಲಿ ಒಂದರ ಹಿಂದೆ ಒಂದು ದೋಣಿ ಬರುತ್ತಲೇ ಇರುತ್ತದೆ, ಸಾಲು ಸಾಗುತ್ತದೆ. ಡಂಬೊದಲ್ಲಿ ಒಂದಿಷ್ಟು ಜನ ಹತ್ತಿ, ಸುತ್ತಿ, ಇಳಿದ ಮೇಲೆಯೇ ಮುಂದಿನವರು. ಹಾಗಾಗಿ ಚಿಕ್ಕ ಸಾಲಿಗೂ ಹೊತ್ತು ಹಿಡಿಯುತ್ತದೆ. ಅದನ್ನು ಸಂಜೆಗೆ ಇಡಿ. ಪಾರ್ಕಿನ ಆ್ಯಪ್‌ನಲ್ಲಿ ಯಾವ ರೈಡ್‌ಗೆ ಎಷ್ಟು ನಿಮಿಷ ಅಂತ ಕಾಣುತ್ತದೆ. ದುಡ್ಡು ಕೊಟ್ಟು ಕ್ಯೂ ತಪ್ಪಿಸುವ ಪಾಸ್ ಕೂಡ ಇದೆ. ಜನ ಕಡಿಮೆ ಇರುವ ದಿನ ಅದು ದಂಡ.

ಆಯಿಗೆ ಬಾಗಿಲ ಹತ್ತಿರವೇ ಗಾಲಿಕುರ್ಚಿ ಬಾಡಿಗೆಗೆ ತೆಗೆದುಕೊಂಡೆವು. ನಡೆಯಲು ಆಗುತ್ತದೆ ಅಂತ ಅವರು ಬೇಡ ಅಂದರೂ ಕೇಳಲಿಲ್ಲ. ರಾತ್ರಿ ಕೋಟೆಯ ಮೇಲೆ ಬೆಳಕಿನ ಆಟ ಮುಗಿಯುವವರೆಗೆ ನಿಲ್ಲಬೇಕೆಂದರೆ ಹಗಲಿನ ಶಕ್ತಿ ಉಳಿಸಲೇಬೇಕು. ಆ ಆಟದಲ್ಲಿ ಬರುವುದೂ ನೀವು ನೋಡಿಕೊಂಡು ಹೋದ ಸಿನಿಮಾಗಳ ತುಣುಕುಗಳೇ. ಅದು ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಮೆಟ್ರೋಗೆ ನುಗ್ಗುತ್ತಾರೆ. ನೀವು ಅರ್ಧ ಗಂಟೆ ಒಳಗೇ ಕೂತು, ಮಕ್ಕಳಿಗೆ ಏನಾದರೂ ತಿನ್ನಿಸಿ, ಆಮೇಲೆ ಹೊರಡಿ.