ಹತ್ತು, ಒಂಬತ್ತು, ಎಂಟು

ಇವತ್ತು ಮಗಳನ್ನು ಕರೆದುಕೊಂಡು ಬರಲು ಶಾಲೆಗೆ ಹೋಗಿದ್ದೆ. ಎರಡನೇ ಕ್ಲಾಸು. ಕಾರಿಡಾರಿನಲ್ಲಿ ಮಕ್ಕಳು ದೂರು ಹಾಕಲಿ ಅಂತ ಒಂದು ಪೆಟ್ಟಿಗೆ ಇಟ್ಟಿದ್ದಾರೆ. ಅದು ನನ್ನ ಎದೆಯ ಮಟ್ಟಕ್ಕಿತ್ತು. ಇವಳು ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಎಟುಕಲಿಲ್ಲ.

ಮನಸ್ಸಿಗೆ ಒಂಥರಾ ಆಯಿತು. 2012ರ ಪೋಕ್ಸೋ ಕಾಯ್ದೆ ಪ್ರಕಾರ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಹೆಸರು ಕೆಡುತ್ತೆ ಅಂತ ಮುಚ್ಚಿಟ್ಟರೆ ಅದೂ ಅಪರಾಧವೇ. ಆದರೆ ಮಗು ಮೊದಲು ಯಾರಿಗಾದರೂ ಹೇಳಬೇಕಲ್ವಾ? ಅಕ್ಷರ ಕೂಡಿಸಿ ಓದುವ ವಯಸ್ಸಿನವರು ಚೀಟಿ ಬರೆಯುವುದಕ್ಕಿಂತ, ನಂಬಿಕೆಯ ಒಬ್ಬ ಟೀಚರ್ ಹತ್ತಿರ, ಇಲ್ಲ ಊಟ ಬಡಿಸುವ ಅಕ್ಕನ ಹತ್ತಿರ ಹೇಳುವುದೇ ಜಾಸ್ತಿ. ಹೇಳಿದಾಗ 'ಸುಮ್ನಿರು' ಅನ್ನದೆ ಕೂತು ಕೇಳುವವರು ಬೇಕು.

ಪೆಟ್ಟಿಗೆ ಮಕ್ಕಳಿಗೆ ಎಟುಕುತ್ತಿಲ್ಲ ಅಂತ ಹೆಡ್ ಮೇಡಂಗೆ ಹೇಳಿದೆ. ತಕ್ಷಣ ಎದ್ದು ಬಂದು ನೋಡಿದರು. ನಾಳೆಯೇ ಕೆಳಗೆ ಹೊಡೆಸುತ್ತೇನೆ ಅಂದರು.

ಬರುವಾಗ ದಾರಿಯಲ್ಲಿ ಮಗಳಿಗೆ ಮಕ್ಕಳ ಸಹಾಯವಾಣಿ 1098 ಕಲಿಸಿದೆ. ಉಲ್ಟಾ ಎಣಿಸಿದರೆ ಆಯಿತು: ಹತ್ತು, ಒಂಬತ್ತು, ಎಂಟು. ಮನೆ ಮೆಟ್ಟಿಲು ಹತ್ತುವಾಗಲೂ ಅದನ್ನೇ ಹಾಡಿನಂತೆ ಹೇಳುತ್ತಿದ್ದಳು.