ಕೇಕ್ ಬಿಟ್ಟರೆ ಕ್ರಿಸ್ಮಸ್‌ನಲ್ಲಿ ಇನ್ನೇನಿದೆ?

ಡಿಸೆಂಬರ್ ಬಂತು ಅಂದರೆ ಕಾರವಾರದಲ್ಲಿ ಯಾರಾದರೂ ಒಬ್ಬರು ನನ್ನನ್ನು ಕೇಳೇ ಕೇಳುತ್ತಾರೆ. "ಕೇಕು, ಸ್ಟಾರು, ಸಾಂತಾ ಎಲ್ಲ ಗೊತ್ತು ಮಾರಾಯ್ರೇ, ಅದು ಬಿಟ್ಟು ನಿಮಗೆ ಈ ಹಬ್ಬ ಅಂದ್ರೆ ಏನು?" ಸ್ವಲ್ಪ ಓದಿಕೊಂಡವರಾದರೆ ಇನ್ನೊಂದನ್ನೂ ಸೇರಿಸುತ್ತಾರೆ: "ಯೇಸು ಡಿಸೆಂಬರ್ 25ಕ್ಕೇ ಹುಟ್ಟಿದ್ದು ಅಂತ ಬೈಬಲ್‌ನಲ್ಲಿ ಇಲ್ವಂತಲ್ಲ?" ದಾರಿಯಲ್ಲಿ ನಿಂತು ಹೇಳಿ ಮುಗಿಸುವ ಮಾತಲ್ಲ ಇದು. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ತಾರೀಖಿನ ವಿಷಯ. ನಿಜ, ಬೈಬಲ್‌ನಲ್ಲಿ ಇಲ್ಲ. ರೋಮ್‌ನಲ್ಲಿ 354ರಲ್ಲಿ ತಯಾರಾದ ಒಂದು ಪಂಚಾಂಗದಲ್ಲಿ ಡಿಸೆಂಬರ್ 25 ಅಂತ ಸಿಗುತ್ತದೆ, ಅಂದರೆ ಯೇಸು ಹುಟ್ಟಿ ಮುನ್ನೂರು ವರ್ಷ ದಾಟಿದ ಮೇಲಿನ ದಾಖಲೆ ಅದು. ನಮ್ಮ ಹಿರಿಯರಲ್ಲಿ ಎಷ್ಟೋ ಜನರಿಗೆ ಶಾಲೆಯ ಮಾಸ್ತರರು ಬರೆದುಕೊಂಡ ಜೂನ್ 1ನೇ ತಾರೀಖೇ ಹುಟ್ಟಿದ ದಿನ. ಹಾಗಂತ ಅವರು ಹುಟ್ಟಲೇ ಇಲ್ಲ ಅನ್ನೋಕಾಗುತ್ತಾ? ಇನ್ನು ಸಾಂತಾ. ಈಗಿನ ಟರ್ಕಿಯಲ್ಲಿರುವ ಮೈರಾ ಊರಿನ ಬಿಷಪ್ ನಿಕೋಲಾಸ್ ಅವರಿಂದ ಶುರುವಾದ ಕತೆ ಅದು. ಮಕ್ಕಳಿಗೆ ಖುಷಿ, ಇರಲಿ ಬಿಡಿ.

ನನಗೆ ಬೇಕಾದದ್ದು ಬೈಬಲ್‌ನಲ್ಲಿ ಲೂಕನು ಬರೆದ ನಾಲ್ಕಾರು ಸಾಲು. ಅಗಸ್ಟಸ್ ಚಕ್ರವರ್ತಿ ಜನಗಣತಿಗೆ ಆಜ್ಞೆ ಮಾಡಿದ. ಹೆಸರು ಬರೆಸಲು ಜೋಸೆಫ್ ತುಂಬು ಬಸುರಿ ಮರಿಯಳನ್ನು ಕರೆದುಕೊಂಡು ನಜರೇತ್‌ನಿಂದ ಬೆತ್ಲೆಹೇಮ್‌ಗೆ ಹೊರಟ. ಛತ್ರದಲ್ಲಿ ಜಾಗ ಸಿಗಲಿಲ್ಲ. ಹುಟ್ಟಿದ ಮಗುವನ್ನು ಗೋದಲಿಯಲ್ಲಿ, ದನಕ್ಕೆ ಮೇವು ಹಾಕುವ ಕಡೆ, ಮಲಗಿಸಿದರು. ಅಷ್ಟೇ ಕತೆ. ಆದರೆ "ಜಾಗ ಸಿಗಲಿಲ್ಲ" ಅನ್ನುವುದನ್ನು ನಮ್ಮ ಜಿಲ್ಲೆಯಲ್ಲಿ ಕೂತು ಕೇಳುವಾಗ ಅದು ಎರಡು ಸಾವಿರ ವರ್ಷ ಹಳೆಯದು ಅನ್ನಿಸುವುದಿಲ್ಲ. ಸೂಪಾ ಅಣೆಕಟ್ಟಿನ ನೀರಲ್ಲಿ ಸೂಪಾ ಪೇಟೆಯೇ ಮುಳುಗಿತು, ಆಮೇಲೆ ಕೈಗಾ ಅಣುಸ್ಥಾವರ ಬಂತು, ಕದ್ರಾ ಅಣೆಕಟ್ಟು ಬಂತು, ಸೀಬರ್ಡ್ ನೌಕಾನೆಲೆ ಬಂತು, ಪ್ರತಿ ಸಲ ಯಾರೋ ಪಾತ್ರೆ ಪಗಡೆ ಕಟ್ಟಿಕೊಂಡು ಎದ್ದು ಹೋಗಬೇಕಾಯಿತು, ಎಲ್ಲ ಸಲವೂ ಮೇಲಿಂದ ಒಂದು ಆಜ್ಞೆ, ಒಂದು ಪಟ್ಟಿ, ಹೆಸರು ಬರೆಸುವ ಒಂದು ಸಾಲು. ಯೋಜನೆ ಬೇಕಿತ್ತಾ ಬೇಡವಾ ಅನ್ನೋ ವಾದಕ್ಕೆ ನಾನು ಈಗ ಹೋಗುವುದಿಲ್ಲ. ನನ್ನ ದೇವರು ಪಟ್ಟಿ ಮಾಡುವವರ ಕಡೆ ಹುಟ್ಟಲಿಲ್ಲ, ಸಾಲಿನಲ್ಲಿ ನಿಂತವರ ಮನೆಯಲ್ಲಿ ಹುಟ್ಟಿದ. ನಾನು ನಂಬುವುದು ಅದನ್ನು.

ಕತೆ ಅಲ್ಲಿಗೇ ಮುಗಿಯುವುದೂ ಇಲ್ಲ. ಬೈಬಲ್‌ನಲ್ಲೇ ಯೇಸುವಿನ ಕತೆ ಬರೆದ ಇನ್ನೊಬ್ಬ, ಮತ್ತಾಯನ ಪ್ರಕಾರ ಹೆರೋದ ರಾಜನಿಗೆ ಹೆದರಿ ಆ ಕುಟುಂಬ ಈಜಿಪ್ಟಿಗೆ ಓಡಿತು, ಬೆತ್ಲೆಹೇಮ್‌ನ ಚಿಕ್ಕ ಗಂಡುಮಕ್ಕಳನ್ನು ರಾಜ ಕೊಲ್ಲಿಸಿದ. ಆ ಮಕ್ಕಳ ನೆನಪಿಗೆ ಚರ್ಚ್ ಡಿಸೆಂಬರ್ 28ನ್ನು ಇಟ್ಟಿದೆ. ಹಬ್ಬದ ಸಡಗರ ಇನ್ನೂ ಇಳಿದಿರುವುದಿಲ್ಲ, ಅಷ್ಟರಲ್ಲೇ ಸತ್ತ ಮಕ್ಕಳ ದಿನ. ಗ್ರೀಟಿಂಗ್ ಕಾರ್ಡ್‌ನಲ್ಲಿ ಇದನ್ನು ಯಾರೂ ಹಾಕುವುದಿಲ್ಲ. ನನಗೆ ಮಾತ್ರ ಈ ದಿನ ಇರುವುದರಿಂದಲೇ ಹಬ್ಬದ ಮೇಲೆ ನಂಬಿಕೆ ಜಾಸ್ತಿ.

ಇನ್ನೊಂದು ಮಾತು. ಬಾಕಿ ದಿನ ನಾನು ದೇವರ ಮುಂದೆ ಕೇಳುವುದೇ ಜಾಸ್ತಿ: ಆರೋಗ್ಯ ಕೊಡು, ಮಗಳಿಗೆ ಕೆಲಸ ಕೊಡು, ಸಾಲ ತೀರಿಸು. ಕ್ರಿಸ್ಮಸ್ ರಾತ್ರಿ ಮಾತ್ರ ಆ ಪಟ್ಟಿ ಹೊರಗೆ ಬರುವುದಿಲ್ಲ. ಕುತ್ತಿಗೆ ಕೂಡ ನಿಲ್ಲದ ಕೂಸಿನ ಹತ್ತಿರ ಏನು ಕೇಳುವುದು? ಎತ್ತಿಕೊಳ್ಳಬೇಕು, ಅಷ್ಟೇ. ಪೂಜೆ ಮುಗಿದ ಮೇಲೆ ಬಾಲಯೇಸುವಿನ ಮೂರ್ತಿಯ ಪಾದಕ್ಕೆ ಮುತ್ತಿಡಲು ಸಾಲು ನಿಲ್ಲುತ್ತದೆ. ಮಾತೇ ಆಡದ ಗಡಸು ಮುಖದ ಗಂಡಸರೂ ಅಲ್ಲಿ ಸೊಂಟ ಬಗ್ಗಿಸುತ್ತಾರೆ.

ಅದಕ್ಕೂ ಮೊದಲು ನಾಲ್ಕು ಭಾನುವಾರ ಕಾಯುವ ಕಾಲ ಇದೆ. ಪಾದ್ರಿಗಳ ಉಡುಪು ನೇರಳೆ, ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಅನ್ನುವ ಸ್ತುತಿಗೀತೆ ಹಾಡುವುದಿಲ್ಲ. ಮನೆಯಲ್ಲಿ ಮಕ್ಕಳು ಹುಲ್ಲು ಹೊದಿಸಿ, ಭತ್ತ ಮೊಳಕೆ ಬರಿಸಿ ಗೋದಲಿ ಕಟ್ಟುತ್ತಾರೆ, ಕುರಿ, ಕುರುಬರು, ಒಂದು ಕಿವಿ ಮುರಿದ ಕತ್ತೆ ಎಲ್ಲ ಬಂದು ನಿಂತಿರುತ್ತವೆ, ಮಗುವಿನ ಜಾಗ ಮಾತ್ರ ಖಾಲಿ. 24ರ ರಾತ್ರಿ ಮಗುವನ್ನು ಇಡುತ್ತೇವೆ. ಆ ರಾತ್ರಿ ಚರ್ಚ್‌ನಲ್ಲಿ ಗ್ಲೋರಿಯಾ ಮತ್ತೆ ಶುರುವಾಗುತ್ತದೆ, ಗಂಟೆ ಹೊಡೆಯುತ್ತದೆ, ಪ್ರತಿ ವರ್ಷ ನನ್ನ ಕಣ್ಣಲ್ಲಿ ನೀರು ಬರುತ್ತದೆ. ನಗಬೇಡಿ. ವಾರಗಟ್ಟಲೆ ಹಾಡದೆ ಇದ್ದು ನೋಡಿ, ಆಗ ಗೊತ್ತಾಗುತ್ತದೆ.

ಇಷ್ಟು ಹೇಳಿದ ಮೇಲೂ ಅರ್ಥ ಆಗಲಿಲ್ಲ ಅಂದರೆ ಈ ಸಲ 24ರ ರಾತ್ರಿ ಬನ್ನಿ, ಹಿಂದಿನ ಬೆಂಚಲ್ಲಿ ಸುಮ್ನೆ ಕೂರಿ, ಯಾರೂ ಏನೂ ಕೇಳುವುದಿಲ್ಲ. ಮರುದಿನ ಮನೆಗೂ ಬನ್ನಿ. ಚೌತಿಗೆ ನಿಮ್ಮ ಮನೆಯಿಂದ ನಮಗೆ ನೇವ್ರಿ (ಕರ್ಜಿಕಾಯಿ) ಬಂದಿತ್ತಲ್ವಾ, ಕ್ರಿಸ್ಮಸ್‌ಗೆ ನಮ್ಮಲ್ಲೂ ಅದೇ ನೇವ್ರಿ, ಅದೇ ಕಾಯಿ-ಬೆಲ್ಲದ ಹೂರಣ, ಮೊಟ್ಟೆ ಇಲ್ಲ. ಕುಲ್‌ಕುಲ್ ಅನ್ನುವ ಕರಿದ ಸಿಹಿತಿಂಡಿಗೆ ಮಾತ್ರ ಕೆಲವರು ಮೊಟ್ಟೆ ಹಾಕುತ್ತಾರೆ. ಅದನ್ನು ಕೇಳಿಕೊಂಡು ತಿನ್ನಿ.